ಒಂದು ಗಂಟೆ ಹತ್ತು ನಿಮಿಷ

ದೂರ ಅಳೆಯುವ ವಿಷಯದಲ್ಲಿ ನಮ್ಮ ಮನೆತನದವರು ಎಂದೂ ಒಮ್ಮತಕ್ಕೆ ಬಂದವರಲ್ಲ. ಅಜ್ಜನ ಲೆಕ್ಕ ಹರದಾರಿಯದು. ಹರದಾರಿ ಎಂದರೆ ಹೆಚ್ಚುಕಡಿಮೆ ಮೂರು ಮೈಲಿ. ಆದರೆ ಅಜ್ಜನ ಹರದಾರಿ ಜಾತ್ರೆಗೆ ಹೊರಟಾಗ ಕುಗ್ಗುತ್ತಿತ್ತು, ಸಾಲ ಕೊಟ್ಟವನ ಊರಿಗೆ ಹೊರಟಾಗ ಹಿಗ್ಗುತ್ತಿತ್ತು. ಅಜ್ಜಿಯದು ಬುತ್ತಿಯ ಲೆಕ್ಕ: ಇದು ಒಂದು ಬುತ್ತಿಯ ದಾರಿ, ಅದು ಎರಡು ಬುತ್ತಿಯ ದಾರಿ. ಕಾಶಿಯನ್ನು ಮಾತ್ರ ‘ಬುತ್ತಿ ಹಳಸುವ ದಾರಿ’ ಎಂದು ಬೇರೆ ಖಾತೆಯಲ್ಲಿ ಇಟ್ಟಿದ್ದಳು. ಅಪ್ಪ ತಹಶೀಲ ಕಚೇರಿಯ ಮನುಷ್ಯ, ಮೈಲಿಗಲ್ಲನ್ನು ಬಿಟ್ಟರೆ ಬೇರೇನನ್ನೂ ನಂಬಿದವರಲ್ಲ. ಸರ್ಕಾರ ಕಿಲೋಮೀಟರಿಗೆ ಬದಲಾದ ಮೇಲೂ ಪ್ರತಿ ಫಲಕವನ್ನು ಮನಸ್ಸಿನಲ್ಲೇ ಮೈಲಿಗೆ ತಿರುಗಿಸಿಕೊಂಡೇ ಮುಂದೆ ಹೋಗುತ್ತಿದ್ದರು. ನನ್ನ ಕಾಲಕ್ಕೆ ದೂರ ಎಂಬುದು ತಾಸುಗಳಾಯಿತು. ನನ್ನ ಸೋದರಳಿಯನ ಕಾಲಕ್ಕೆ ಬರೀ ನಿಮಿಷ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ.

‘ಮಾಮಾ, ನಿಮ್ಮ ಹೈದರಾಬಾದು ನಮಗೇನು ದೂರ? ಒಂದು ಗಂಟೆ ಹತ್ತು ನಿಮಿಷ’ ಎನ್ನುತ್ತಾನೆ. ಆ ಹತ್ತು ನಿಮಿಷವನ್ನೂ ಬಿಡದೆ ಹೇಳುವುದರಿಂದ ಮಾತಿಗೆ ಒಂದು ಶಾಸ್ತ್ರೋಕ್ತ ಗಾಂಭೀರ್ಯ ಬರುತ್ತದೆ.

ನಾನಿರುವುದು ನಾಂಪಲ್ಲಿಯಲ್ಲಿ, ಸ್ಟೇಷನ್ನಿನ ಕೂಗಳತೆಯಲ್ಲಿ. ರೈಲ್ವೆಯವರು ಫಲಕದ ಮೇಲೆ ‘ಹೈದರಾಬಾದ್ ಡೆಕ್ಕನ್’ ಎಂದು ಬರೆಸಿದ್ದಾರೆ. ಅದನ್ನು ಓದಿಕೊಂಡು ಬಂದು ಆಟೋದವನ ಮುಂದೆ ಅಷ್ಟನ್ನೂ ಹೇಳುವವರು ಹೊಸಬರು ಮಾತ್ರ. ಉಳಿದವರಿಗೆಲ್ಲ ಅದು 1907ರಿಂದಲೂ ನಾಂಪಲ್ಲಿ ಸ್ಟೇಷನ್. ಇಲ್ಲಿ ಹಳಿಗಳು ಮುಗಿಯುತ್ತವೆ. ಗಾಡಿ ಬಂದು ನಿಂತರೆ ಮುಂದೆ ಹೋಗಲು ಜಾಗವಿಲ್ಲ, ಹಿಂದೆಯೇ ಸರಿಯಬೇಕು. ಇಂಥ ಕಡೆಯ ಸ್ಟೇಷನ್ನಿನ ಹತ್ತಿರ ಮನೆ ಮಾಡಿದವನಿಗೆ ಊರುಗಳ ದೂರದ ವಿಚಾರ ತಲೆಗೆ ಹೊಕ್ಕರೆ ಆಶ್ಚರ್ಯವಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಯಾರಾದರೊಬ್ಬರು ‘ಎಷ್ಟು ಹೊತ್ತು ಹಿಡೀತದ?’ ಎಂದು ಕೇಳುವುದು ಕಿವಿಗೆ ಬೀಳುತ್ತಲೇ ಇರುತ್ತದೆ. ಮುಂಬಯಿಗೆ ಹೋಗುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹೊರಡುವ ಹೊತ್ತಿಗೆ ಪ್ಲಾಟ್‌ಫಾರಂ ಅರ್ಧ ನಮ್ಮೂರೇ. ಆ ಗಾಡಿ ವಿಕಾರಾಬಾದ್, ತಾಂಡೂರು ದಾಟಿ ವಾಡಿ, ಕಲಬುರಗಿ ಮೇಲೆ ಹೋಗುತ್ತದೆ. ‘ಏ ತಂಗಿ, ಕೊಡ ಇತ್ಲಾಗ ಇಡು’, ‘ಭಯ್ಯಾ, ಜರಾ ಸರಕೋ’ ಎಂಬ ಮಾತುಗಳು ಒಂದೇ ಬಾಯಿಂದ ಬರುತ್ತವೆ. ಸೀಟಿನ ಮೇಲೆ ಒಸ್ಮಾನಿಯಾ ಬಿಸ್ಕತ್ತಿನ ಡಬ್ಬಿ, ಸೀಟಿನ ಕೆಳಗೆ ಊರಿಂದ ತಂದ ತೊಗರಿಬೇಳೆಯ ಖಾಲಿ ಚೀಲ.

ನಾನು ಹೇಳಬೇಕೆಂದಿರುವುದು ಇಷ್ಟೇ: ಊರುಗಳು ಕೂತಲ್ಲಿ ಕೂತಿರುತ್ತವೆ, ಓಡಾಡುವುದು ದೂರ. ಇದು ವೇದಾಂತವಲ್ಲ, ಲೆಕ್ಕ. ಲೆಕ್ಕ ಎಂದಮೇಲೆ ಅಳಿಯನಿಂದಲೇ ಶುರುಮಾಡುವುದು ನ್ಯಾಯ.

ಕಳೆದ ದೀಪಾವಳಿಗೆ ಅವನು ಬಂದ. ಬೆಳಿಗ್ಗೆ ಆರಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಮನೆ ಬಿಟ್ಟು, ನಿದ್ದೆಗಣ್ಣಿನ ಬೆಂಗಳೂರನ್ನು ದಕ್ಷಿಣದಿಂದ ಉತ್ತರಕ್ಕೆ ಸೀಳಿಕೊಂಡು ದೇವನಹಳ್ಳಿ ಸೇರುವಾಗ ಏಳೂಮುಕ್ಕಾಲು. ಅಲ್ಲಿ ಬೆಲ್ಟು ಬಿಚ್ಚಿ, ಲ್ಯಾಪ್‌ಟಾಪು ತೆಗೆದು ತಟ್ಟೆಯಲ್ಲಿಟ್ಟು, ಎರಡೂ ಕೈ ಚಾಚಿ ನಿಂತು, ಮತ್ತೆ ಬೆಲ್ಟು ಕಟ್ಟಿಕೊಂಡು, ಊರಲ್ಲಿ ಒಂದು ಹೊತ್ತಿನ ಊಟಕ್ಕಾಗುವ ದುಡ್ಡು ಕೊಟ್ಟು ಒಂದು ಇಡ್ಲಿ-ವಡೆ ತಿಂದು, ಒಂಬತ್ತೂಮುಕ್ಕಾಲಿಗೆ ಹೊರಟ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಶಂಷಾಬಾದಿನಲ್ಲಿ ಇಳಿದ. ಪೆಟ್ಟಿಗೆಗೆ ಕಾದ, ಕ್ಯಾಬಿಗೆ ಕಾದ. ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಎಂಬ ಹನ್ನೊಂದೂವರೆ ಕಿಲೋಮೀಟರಿನ ಮೇಲ್ಸೇತುವೆ ಹತ್ತಿದ. ಆ ಸೇತುವೆಯ ಕಂಬಗಳಿಗೆಲ್ಲ ನಂಬರು. ಕೆಳಗಿನ ಅಂಗಡಿ, ದವಾಖಾನೆ, ಶಾದಿಖಾನೆಗಳಿಗೆ ಬೀದಿ ಹೆಸರಿಗಿಂತ ಕಂಬದ ನಂಬರೇ ವಿಳಾಸ. ಸೇತುವೆ ಅವನನ್ನು ಮೆಹದಿಪಟ್ನಮ್‌ನಲ್ಲಿ ಇಳಿಸಿ ಕೈ ತೊಳೆದುಕೊಂಡಿತು. ಅಲ್ಲಿಂದ ನಾಂಪಲ್ಲಿಗೆ ಬರುವುದು ಅವನವನ ಹಣೆಬರಹ. ಬಾಗಿಲು ತಟ್ಟಿದಾಗ ಹನ್ನೆರಡೂವರೆ. ನಮ್ಮಾಕೆ ನೀರು ಕೊಡುತ್ತ, ‘ಎಷ್ಟು ಹೊತ್ತಾಯ್ತಪ್ಪ ಹೊರಟು?’ ಎಂದು ಕೇಳಿದಳು.

‘ಒಂದು ಗಂಟೆ ಹತ್ತು ನಿಮಿಷ, ಅತ್ತೆ.’

ಆರೂವರೆ ತಾಸು ಎಂದು ನಾನು ಬೆರಳು ಮಡಚಿ ತೋರಿಸಿದೆ. ಅವನು ಒಪ್ಪಲಿಲ್ಲ. ‘ಅದು ಟ್ರಾಫಿಕ್ಕು ಮಾಮಾ, ಪ್ರಯಾಣ ಅಲ್ಲ’ ಎಂದ. ಕಾಚಿಗೂಡದಿಂದ ಯಶವಂತಪುರಕ್ಕೆ 2023ರ ಸೆಪ್ಟೆಂಬರಿನಿಂದ ಓಡುವ ವಂದೇ ಭಾರತ್ ರೈಲು ಕರ್ನೂಲು, ಅನಂತಪುರ, ಧರ್ಮಾವರಂ ಮೇಲೆ ಆರುನೂರು ಚಿಲ್ಲರೆ ಕಿಲೋಮೀಟರನ್ನು ಎಂಟೂವರೆ ತಾಸಿನಲ್ಲಿ ಮುಗಿಸುತ್ತದೆ, ಬೆಲ್ಟು ಬಿಚ್ಚಿಸುವುದಿಲ್ಲ ಎಂದೆ. ‘ಎಂಟೂವರೆ ತಾಸೇ!’ ಎಂದು ಬೆಚ್ಚಿಬಿದ್ದ. ಎರಡು ತಾಸಿನ ವ್ಯತ್ಯಾಸಕ್ಕೆ ಇಷ್ಟು ಬೆಚ್ಚುವವನನ್ನು ನಾನು ಬೇರೆ ಕಂಡಿಲ್ಲ.

ಆದರೆ ಆ ಒಂದು ಗಂಟೆ ಹತ್ತು ನಿಮಿಷವೂ ಸಾಚಾ ಅಲ್ಲ ಎಂದು ತಿಳಿದದ್ದು ನಮ್ಮ ವಠಾರದ ಹಿರಿಯರೊಬ್ಬರಿಂದ. ಅವರು ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ದುಡಿದು ನಿವೃತ್ತರಾದವರು. ಈಗಲೂ ಆಕಾಶದಲ್ಲಿ ಸದ್ದಾದರೆ ತಲೆ ಎತ್ತಿ ನೋಡಿ, ಮನೆಯ ಮಗ ತಡವಾಗಿ ಬಂದನೇನೋ ಎಂಬ ಮುಖ ಮಾಡುತ್ತಾರೆ. ಅವರು ಹೇಳಿದ್ದು: ಎರಡು ನಿಲ್ದಾಣಗಳ ನಡುವೆ ಹಕ್ಕಿಯ ದಾರಿ ಹಿಡಿದರೆ ಸುಮಾರು 455 ಕಿಲೋಮೀಟರು. ಜೆಟ್ ವಿಮಾನ ಗಂಟೆಗೆ 800 ಕಿಲೋಮೀಟರಿನ ಆಸುಪಾಸು ಓಡುತ್ತದೆ. ಭಾಗಿಸಿ ನೋಡಿ, ಮೂವತ್ತೈದು ನಿಮಿಷವೂ ಆಗಬಾರದು. ಮತ್ತೆ ಉಳಿದ ಅರ್ಧ ತಾಸು ಎಲ್ಲಿ ಹೋಯಿತು?

‘ಟಿಕೇಟಿನ ಗಡಿಯಾರ ಹಾರಿದಾಗ ಶುರುವಾಗೋದಿಲ್ಲ, ಸ್ವಾಮಿ. ಚಕ್ರದ ಅಡ್ಡಗಟ್ಟೆ ತೆಗೆದಾಗ ಶುರು, ಆ ಕಡೆ ಮತ್ತೆ ಅಡ್ಡಗಟ್ಟೆ ಇಟ್ಟಾಗ ಮುಗೀತದೆ’ ಎಂದರು. ಅಂದರೆ ರನ್‌ವೇವರೆಗೆ ತೆವಳುವುದು, ಸರದಿಯಲ್ಲಿ ನಿಲ್ಲುವುದು, ಇಳಿದ ಮೇಲೆ ತಂಗುದಾಣ ಹುಡುಕುವುದು ಎಲ್ಲವೂ ಅದರಲ್ಲಿ ಸೇರಿವೆ. ಅದರ ಮೇಲೆ ವಿಮಾನ ಏರುವುದಕ್ಕೇ ಹದಿನೈದಿಪ್ಪತ್ತು ನಿಮಿಷ ಬೇಕು, ಇಳಿಯುವುದಕ್ಕೂ ಅಷ್ಟೇ. ಬೆಂಗಳೂರು-ಹೈದರಾಬಾದಿನಂಥ ಗಿಡ್ಡ ದಾರಿಯಲ್ಲಿ ಪೂರ್ತಿ ವೇಗದಲ್ಲಿ ನೇರ ಹಾರುವ ಅವಕಾಶ ಬಡಪಾಯಿಗೆ ಸಿಗುವುದೇ ಕಡಿಮೆ. ಏರಿ ಉಸಿರು ಬಿಡುವಷ್ಟರಲ್ಲಿ ‘ಇಳಿಯಲು ಸಿದ್ಧರಾಗಿ’ ಎಂಬ ಘೋಷಣೆ. ಇಷ್ಟು ಸಾಲದೆಂದು ಕಂಪನಿಗಳು ಮೇಲೊಂದಿಷ್ಟು ನಿಮಿಷ ಜೇಬಿನಲ್ಲಿ ಇಟ್ಟುಕೊಂಡೇ ವೇಳಾಪಟ್ಟಿ ಬರೆಯುತ್ತವಂತೆ. ಬಳಗದವರ ಸ್ವಭಾವ ಬಲ್ಲ ಯಜಮಾನ ಲಗ್ನಪತ್ರಿಕೆಯಲ್ಲಿ ಮುಹೂರ್ತದ ವೇಳೆಯನ್ನು ಒಂದು ತಾಸು ಮೊದಲೇ ಅಚ್ಚು ಹಾಕಿಸುವುದಿಲ್ಲವೇ, ಅದೇ ಉಪಾಯ, ಉಲ್ಟಾ. ಹೀಗಾಗಿಯೇ ಎಷ್ಟೋ ಸಲ ‘ನಿಗದಿತ ವೇಳೆಗಿಂತ ಹತ್ತು ನಿಮಿಷ ಮೊದಲೇ ತಲುಪಿದ್ದೇವೆ’ ಎಂಬ ಘೋಷಣೆ ಕೇಳಿಬರುವುದು. ಜನ ಅದನ್ನು ಕೇಳಿ ಹಿಗ್ಗುತ್ತಾರೆ. ನಮ್ಮ ಜೇಬಿನಿಂದ ಹೋದ ಹತ್ತು ನಿಮಿಷವನ್ನು ನಮಗೇ ಬಹುಮಾನ ಕೊಟ್ಟರೂ ಬಹುಮಾನ ಬಹುಮಾನವೇ.

ಹಿರಿಯರು ಇನ್ನೊಂದು ಸೂಕ್ಷ್ಮ ಹೇಳಿದರು. ಅದನ್ನು ಕೇಳಿದ ಮೇಲೆ ನನಗೆ ಎರಡು ದಿನ ಅದೇ ಧ್ಯಾನ. 2008ರ ಮಾರ್ಚಿನಲ್ಲಿ ಹೈದರಾಬಾದಿನ ವಿಮಾನಗಳು ಬೇಗಂಪೇಟೆ ಬಿಟ್ಟು ಶಂಷಾಬಾದಿಗೆ ಹೋದವು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನವು ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋದವು. ಭೂಪಟ ಬಿಡಿಸಿ ನೋಡಿ: ಬೆಂಗಳೂರು ನಮಗೆ ಹೆಚ್ಚುಕಡಿಮೆ ನೆಟ್ಟಗೆ ದಕ್ಷಿಣಕ್ಕಿದೆ. ನಮ್ಮ ನಿಲ್ದಾಣ ಊರು ಬಿಟ್ಟು ದಕ್ಷಿಣಕ್ಕೆ ಸರಿಯಿತು, ಅವರದು ಊರು ಬಿಟ್ಟು ಉತ್ತರಕ್ಕೆ ಸರಿಯಿತು. ಎರಡೂ ಒಂದನ್ನೊಂದು ನೋಡಿಕೊಂಡು ಹತ್ತಿರ ಬಂದವು! ಬೇಗಂಪೇಟೆಯಿಂದ ಎಚ್‌ಎಎಲ್‌ಗೆ ಆಕಾಶದಲ್ಲಿ 500 ಕಿಲೋಮೀಟರಿಗೆ ಮೇಲಿತ್ತು, ಶಂಷಾಬಾದಿನಿಂದ ದೇವನಹಳ್ಳಿಗೆ 455. ಐವತ್ತು ಕಿಲೋಮೀಟರು ಉಳಿತಾಯ. ಜೆಟ್ಟಿನ ವೇಗದಲ್ಲಿ ಅದು ನಾಲ್ಕು ನಿಮಿಷಕ್ಕೆ ಒಂದಿಷ್ಟು ಕಡಿಮೆ.

ಈಗ ನೆಲದ ಲೆಕ್ಕ. ಬೇಗಂಪೇಟೆ ನಮ್ಮ ನಾಂಪಲ್ಲಿಗೆ ಏಳೆಂಟು ಕಿಲೋಮೀಟರು. ಆಟೋದವನಿಗೆ ಹೇಳಿದರೆ ‘ಬಾಜೂಚ್ ಹೈ ಸಾಬ್’ ಎಂದು ಮೀಟರು ಹಾಕದೆಯೇ ಹೊರಡುತ್ತಿದ್ದ. ಎಚ್‌ಎಎಲ್ ಮೆಜೆಸ್ಟಿಕ್ಕಿಗೆ ಹನ್ನೆರಡು-ಹದಿಮೂರು. ಒಟ್ಟು ಇಪ್ಪತ್ತು. ಈಗ ಶಂಷಾಬಾದಿಗೆ ಇಪ್ಪತ್ತೈದು, ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಮೂವತ್ತೈದು. ಒಟ್ಟು ಅರವತ್ತು. ಆಕಾಶದಲ್ಲಿ ನಾಲ್ಕು ನಿಮಿಷ ಉಳಿಸಿ, ಹೆಬ್ಬಾಳದ ಸಿಗ್ನಲ್ಲಿನಲ್ಲಿ ಅದನ್ನು ಬಡ್ಡಿಸಮೇತ ಕಟ್ಟಿದಂತಾಯಿತು. ನಿಜಾಮರ ಕಾಲದ ಡೆಕ್ಕನ್ ಏರ್‌ವೇಸ್ ಬೇಗಂಪೇಟೆಯಿಂದ ಡಕೋಟಾ ವಿಮಾನಗಳನ್ನು ಹಾರಿಸುತ್ತಿತ್ತು. 1953ರಲ್ಲಿ ಅದು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನವಾಯಿತು. ಡಕೋಟಾದ ವೇಗ ಗಂಟೆಗೆ ಮುನ್ನೂರು ಕಿಲೋಮೀಟರಿನ ಹತ್ತಿರ. ಬೆಂಗಳೂರಿಗೆ ಹಾರಿದರೆ ಎರಡು ತಾಸು ಎನ್ನಿ. ಆ ಕಾಲದಲ್ಲಿ ಎರಡು ತಾಸು ಮೊದಲು ಬಂದು ಬೂಟು ಬಿಚ್ಚಬೇಕೆಂಬ ನೇಮವೂ ಇರಲಿಲ್ಲ. ಮನೆಯಿಂದ ಮನೆಗೆ ಲೆಕ್ಕ ಹಿಡಿದರೆ, ಎರಡು ಪಂಖದ ಡಕೋಟಾ ನಮ್ಮಳಿಯನ ಜೆಟ್ಟನ್ನು ನಾಂಪಲ್ಲಿಯ ಬಾಗಿಲಲ್ಲಿ ಕಾಯುತ್ತ ನಿಂತಿರುತ್ತಿತ್ತು. ಇದನ್ನು ಅವನಿಗೆ ಹೇಳಿದೆ. ‘ಮಾಮಾ, ನಿಮಗೆ ಟೈಮು ಬಹಳ ಇದೆ’ ಎಂದ. ಅದು ನಿಜವೇ. ವೇಗದ ಗಾಡಿ ಹತ್ತದವರ ಹತ್ತಿರವೇ ಸಮಯ ಮಿಗುವುದು.

ವಿಮಾನ ನಿಲ್ದಾಣಗಳಾದರೂ ಸಿಮೆಂಟು, ಡಾಂಬರು, ಕೋಟಿಗಟ್ಟಲೆ ಹಣ ಸುರಿಸಿ ಜಾಗ ಬದಲಿಸಿದವು. ಬರೀ ಕಾಗದದ ಮೇಲೆ ದೂರ ಬದಲಾದದ್ದೂ ಉಂಟು. ಬೀದರ್, ಕಲಬುರಗಿ, ರಾಯಚೂರಿನವರಿಗೆ ತಲೆಮಾರುಗಳಿಂದ ಹೈದರಾಬಾದೇ ರಾಜಧಾನಿ. ಕೋರ್ಟು, ಕಾಲೇಜು, ದೊಡ್ಡ ದವಾಖಾನೆ, ಮದುವೆ ಸೀರೆ ಎಲ್ಲಕ್ಕೂ ಇಲ್ಲಿಗೇ ಬರಬೇಕು. 1956ರ ಅಕ್ಟೋಬರ್ 31ರ ರಾತ್ರಿ ಬೀದರಿನವರು ಮಲಗುವಾಗ ಅವರ ರಾಜಧಾನಿ 140 ಕಿಲೋಮೀಟರು ದೂರದಲ್ಲಿತ್ತು. ನವೆಂಬರ್ 1ರ ಬೆಳಿಗ್ಗೆ ಏಳುವಷ್ಟರಲ್ಲಿ 700 ಕಿಲೋಮೀಟರು ಆಚೆಗೆ ಹೋಗಿತ್ತು. ಹಾಸಿಗೆಯಿಂದ ಯಾರೂ ಕದಲಿರಲಿಲ್ಲ. ಕನ್ನಡನಾಡು ಒಂದಾದ ಸಂತೋಷ ದೊಡ್ಡದು, ನಮ್ಮಪ್ಪ ಪೇಢೆ ಹಂಚಿದ್ದರಂತೆ. ಆದರೆ ಮರುವಾರ ಕಚೇರಿಯ ಒಂದು ಕಡತ ಬೆಂಗಳೂರಿಗೆ ಕಳಿಸಬೇಕಾಗಿ ಬಂದಾಗ, ಪೇಢೆಯ ಕೈಯಲ್ಲೇ ಮೈಲಿ ಎಣಿಸಿ ನಿಟ್ಟುಸಿರು ಬಿಟ್ಟರಂತೆ.

ಬೀದರಿಗೆ ದೂರದ ಕಾಟ ಅಲ್ಲಿಗೇ ಮುಗಿಯಲಿಲ್ಲ. ಶಂಷಾಬಾದ್ ನಿಲ್ದಾಣದ ಒಪ್ಪಂದದಲ್ಲಿ, ಸುತ್ತ 150 ಕಿಲೋಮೀಟರಿನೊಳಗೆ ಇನ್ನೊಂದು ನಾಗರಿಕ ನಿಲ್ದಾಣ ತಲೆ ಎತ್ತಬಾರದೆಂಬ ಗೆರೆ ಇತ್ತು. ಬೀದರಿನಲ್ಲಿ ವಾಯುಪಡೆಯ ಓಡುಪಟ್ಟಿ ಎಷ್ಟೋ ಕಾಲದಿಂದ ಇದೆ. ಆದರೆ ಹಕ್ಕಿಯ ದಾರಿಯಲ್ಲಿ ಅದು ಶಂಷಾಬಾದಿಗೆ 125 ಕಿಲೋಮೀಟರಿನಷ್ಟು ಮಾತ್ರ. ಬೆಂಗಳೂರಿಗೆ ಹಾರಲು ಬೀದರಿಗೆ ಅಡ್ಡಿಯಾದದ್ದು ಬೆಂಗಳೂರಿನ ದೂರವಲ್ಲ, ಹೈದರಾಬಾದಿನ ಸಾಮೀಪ್ಯ! ಕೊನೆಗೆ 2020ರ ಫೆಬ್ರವರಿಯಲ್ಲಿ ಮೊದಲ ವಿಮಾನ ಬೆಂಗಳೂರಿನಿಂದ ಬಂದಿಳಿಯಿತು. ನಡುವೆ ನಿಂತದ್ದೂ ಉಂಟು. ಆ ದಿನಗಳಲ್ಲಿ ಬೀದರಿನವರು ದಕ್ಷಿಣದ ಬೆಂಗಳೂರಿಗೆ ಹೋಗಲು ಮೊದಲು ಪೂರ್ವಕ್ಕೆ ಶಂಷಾಬಾದಿಗೆ ಬಂದು, ಹಾದಿಯಲ್ಲಿ ನಮ್ಮಂಥವರ ಮನೆಯಲ್ಲೊಂದು ಚಹಾ ಕುಡಿದು ಹೋಗುತ್ತಿದ್ದರು. ವಿಮಾನ ನಿಂತಾಗಲೆಲ್ಲ ನಮ್ಮ ಮನೆಯ ಚಹಾಪುಡಿಯ ಖರ್ಚು ಏರುತ್ತಿತ್ತು.

ದೂರದ ಪಾಠವನ್ನು ನನಗೆ ಚೊಕ್ಕವಾಗಿ ಹೇಳಿಕೊಟ್ಟದ್ದು ಮಾತ್ರ ನಾಂಪಲ್ಲಿಯ ಹಜ್ ಹೌಸ್. ಯಾತ್ರೆಯ ಸಮಯದಲ್ಲಿ ಆ ಕಟ್ಟಡದ ಮುಂದೆ ನಿಂತು ನೋಡಬೇಕು. ಒಬ್ಬ ಯಾತ್ರಿಕನನ್ನು ಕಳಿಸಲು ಒಂದು ಜೀಪಿನ ತುಂಬ ಜನ. ಒಂದೇ ಬಣ್ಣದ, ಒಂದೇ ಅಳತೆಯ ಪೆಟ್ಟಿಗೆಗಳ ಮೇಲೆ ಹೆಸರು, ಜಿಲ್ಲೆ, ಕವರು ನಂಬರುಗಳನ್ನು ದಪ್ಪ ಬಣ್ಣದಲ್ಲಿ ಬರೆದಿರುತ್ತಾರೆ. ಅಷ್ಟಕ್ಕೂ ಗುರುತು ಸಿಗದಿದ್ದರೆ ಎಂದು ಮನೆಯ ಹೆಂಗಸರು ಹಿಡಿಕೆಗೆ ಹಳೆಯ ಸೀರೆಯ ಅಂಚನ್ನೋ ಕೆಂಪು ರಿಬ್ಬನ್ನನ್ನೋ ಕಟ್ಟಿರುತ್ತಾರೆ. ಕೊರಳಲ್ಲಿ ಗುಲಾಬಿ ಹಾರ, ಹಾರದ ಕೆಳಗೆ ತೂಗುವ ಗುರುತಿನ ಚೀಟಿ. ಬೀದರ್, ಕಲಬುರಗಿ ಕಡೆಯ ಯಾತ್ರಿಕರೂ ಇಲ್ಲಿಂದಲೇ ಹೊರಡುವ ರೂಢಿ ಇರುವುದರಿಂದ, ಆ ಗದ್ದಲದಲ್ಲಿ ಕನ್ನಡ ಕೇಳಿಸಿದರೆ ತಿರುಗಿ ನೋಡಬೇಕಾಗಿಲ್ಲ.

ಒಮ್ಮೆ ಆಳಂದದ ಕಡೆಯ ಮುದುಕರೊಬ್ಬರು ಫುಟ್‌ಪಾತಿನ ಕಟ್ಟೆಯ ಮೇಲೆ ನನ್ನ ಪಕ್ಕ ಕೂತಿದ್ದರು. ‘ಜಿದ್ದಾಕ್ಕ ಎಷ್ಟು ಹೊತ್ತು ಹಿಡೀತದಂತ್ರೀ?’ ಎಂದರು. ಐದೂವರೆ ತಾಸು, ಹೆಚ್ಚೆಂದರೆ ಆರು ಎಂದೆ. ಅವರು ಗಡ್ಡ ನೀವಿಕೊಂಡು ಯೋಚಿಸಿದರು. ‘ನಾವು ಆಳಂದದಿಂದ ಇಲ್ಲಿಗಿ ಬರ್ಲಿಕ್ಕೇ ಏಳು ತಾಸು ಹಿಡೀತಲ್ರೀ. ಅಂದ್ರ ಜಿದ್ದಾ ಹೈದರಾಬಾದಿಗಿಂತ ಸಮೀಪ ಆಯ್ತಲ್ಲ!’ ಎಂದು ನಕ್ಕರು. ಹೈದರಾಬಾದಿನಿಂದ ಜಿದ್ದಾಕ್ಕೆ ನಾಲ್ಕು ಸಾವಿರದ ನೂರು ಚಿಲ್ಲರೆ ಕಿಲೋಮೀಟರು. ಅದನ್ನು ಅವರಿಗೆ ಹೇಳುವುದು ನನಗೆ ಸರಿ ಕಾಣಲಿಲ್ಲ. ಅವರ ಅಪ್ಪ ಹಜ್‌ಗೆ ಹೋದದ್ದು ಮುಂಬಯಿಯಿಂದ ಹಡಗಿನಲ್ಲಂತೆ. ಬಹುದೂರದವರೆಗೂ ಜನ ಬಂದು ಬೀಳ್ಕೊಟ್ಟಿದ್ದರಂತೆ, ಮರಳಿ ಬರುವ ಖಾತ್ರಿ ಯಾರಿಗೂ ಇರಲಿಲ್ಲವಂತೆ. ಆ ಹಡಗುಗಳು 1995ರಲ್ಲಿ ನಿಂತವು.

ಈ ಜಿದ್ದಾದ ದಾರಿಗೆ ಒಂದು ಚೋದ್ಯವಿದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ಹೀಗಾಗಿ ಬೆಳಿಗ್ಗೆ ಹತ್ತಕ್ಕೆ ಹೊರಟವನು ಅಲ್ಲಿಯ ಮಧ್ಯಾಹ್ನ ಒಂದಕ್ಕೆ ಇಳಿಯುತ್ತಾನೆ, ಗಡಿಯಾರದ ಪ್ರಕಾರ ಮೂರೇ ತಾಸು. ಬರುವಾಗ ಹಾರುವುದು ಐದೇ ತಾಸಾದರೂ ಗಡಿಯಾರ ಏಳೂವರೆ ತೋರಿಸುತ್ತದೆ. ಅದರ ಮೇಲೆ ಗಾಳಿಯ ಕಿತಾಪತಿ. ಚಳಿಗಾಲದಲ್ಲಿ ಮೇಲಿನ ಆಕಾಶದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಹೋಗುವ ವಿಮಾನಕ್ಕೆ ಎದುರು ನಿಲ್ಲುತ್ತದೆ, ಬರುವುದನ್ನು ಹಿಂದಿನಿಂದ ನೂಕುತ್ತದೆ. ಮುಂಗಾರಿನಲ್ಲಿ ನಮ್ಮ ದಕ್ಷಿಣದ ನೆತ್ತಿಯ ಮೇಲೆ ಅದೇ ಗಾಳಿ ಮಗ್ಗುಲು ಬದಲಿಸಿ ಪೂರ್ವದಿಂದ ಬೀಸುತ್ತದೆ. ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ 1950ರ ದಶಕದಲ್ಲೇ ಈ ಪೂರ್ವದ ವೇಗಗಾಳಿಯನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಹಜ್ ಚಾಂದ್ರಮಾನದ ಲೆಕ್ಕದ ಯಾತ್ರೆ, ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಒಂದು ಸುತ್ತಿಗೆ ಮೂವತ್ತಮೂರು ವರ್ಷ. ಅಂದರೆ ಒಂದೇ ಓಣಿಯ ಒಬ್ಬ ಹಾಜಿ ಗಾಳಿಗೆ ಎದೆಗೊಟ್ಟು ಹೋಗಿರುತ್ತಾನೆ, ಹದಿನೈದು ವರ್ಷ ಬಿಟ್ಟು ಅವನ ತಮ್ಮ ಗಾಳಿಯ ಹೆಗಲೇರಿ ಹೋಗಿರುತ್ತಾನೆ. ಜಿದ್ದಾ ಎಷ್ಟು ಹೊತ್ತಿನ ದಾರಿ ಎಂದು ಮನೆಯಲ್ಲಿ ಜಗಳವಾದರೆ ಇಬ್ಬರ ಮಾತೂ ನಿಜವೇ.

ಇಷ್ಟೆಲ್ಲ ತಿಳಿದ ಮೇಲೂ ನಾಂಪಲ್ಲಿಯವನಿಗೆ ನಿಜವಾದ ದೂರ ಎಂದರೆ ಕಾಚಿಗೂಡವೇ. ನಾಲ್ಕೈದು ಕಿಲೋಮೀಟರು. ಹೈದರಾಬಾದಿನ ಕನ್ನಡಿಗರ ಕರ್ನಾಟಕ ಸಾಹಿತ್ಯ ಮಂದಿರ ಇರುವುದು ಅಲ್ಲಿ, ನೃಪತುಂಗ ಶಾಲೆ ಇರುವುದೂ ಅಲ್ಲಿ. ಕನ್ನಡ ಕೇಳಬೇಕಾದರೆ ಆ ಕಡೆ ಹೋಗಬೇಕು, ಹೋಗಬೇಕಾದರೆ ಅಬಿಡ್ಸ್ ಮತ್ತು ಕೋಠಿ ದಾಟಬೇಕು. ಅದೂ ಜನವರಿಯಲ್ಲಿ! ಜನವರಿ ಒಂದರಿಂದ ಫೆಬ್ರವರಿಯ ನಡುವಿನವರೆಗೆ ನಮ್ಮ ಎಕ್ಸಿಬಿಷನ್ ಮೈದಾನದಲ್ಲಿ ನುಮಾಯಿಶ್. 1938ರಲ್ಲಿ ಪಬ್ಲಿಕ್ ಗಾರ್ಡನ್‌ನಲ್ಲಿ ಚಿಕ್ಕದಾಗಿ ಶುರುವಾದ ಜಾತ್ರೆ ಅದು. ಈಗ ಕಾಶ್ಮೀರದ ಶಾಲಿನವನೂ ಲಕ್ನೋದ ಚಿಕನ್ ಕಸೂತಿಯವನೂ ಸಾವಿರಾರು ಮೈಲಿ ಸಲೀಸಾಗಿ ಬಂದು ಅಂಗಡಿ ಹಾಕುತ್ತಾರೆ, ಎದುರು ಓಣಿಯ ನಾನು ಹಾಲು ತರಲು ರಸ್ತೆ ದಾಟಲಾರೆ.

ಅಂಥ ಒಂದು ಜನವರಿಯ ಭಾನುವಾರ ಕಾಚಿಗೂಡದ ಕಡೆ ಕನ್ನಡ ಬಳಗದ ಒಂದು ಸಮಾರಂಭ. ಬೆಂಗಳೂರಿನಿಂದ ದೊಡ್ಡ ಅತಿಥಿಗಳು. ಮಧ್ಯಾಹ್ನವೇ ಇಳಿದು ನಾಂಪಲ್ಲಿಯ ಒಂದು ಹೋಟೆಲಿನಲ್ಲಿ ಉಳಿದಿದ್ದರು, ಕರೆತರುವ ಹೊಣೆ ನನ್ನದು. ಐದಕ್ಕೆ ಕಾರ್ಯಕ್ರಮ, ನಾಲ್ಕೂವರೆಗೆ ಹೊರಟೆವು. ಮೊಅಜ್ಜಮ್ ಜಾಹಿ ಮಾರ್ಕೆಟ್ಟಿನ ಗಡಿಯಾರವನ್ನು ಅತಿಥಿಗಳು ಕಾರಿನಿಂದಲೇ ಬಹಳ ಹೊತ್ತು ಮೆಚ್ಚಿದರು, ಏಕೆಂದರೆ ಕಾರು ಅಲ್ಲಿಯೇ ಬಹಳ ಹೊತ್ತು ನಿಂತಿತ್ತು. ಆಮೇಲೆ ಕೋಠಿಯ ಹಳೆ ಪುಸ್ತಕದ ಅಂಗಡಿಗಳನ್ನು ಮೆಚ್ಚಿದರು. ವೇದಿಕೆ ಏರುವಾಗ ಆರು ಹೊಡೆದಿತ್ತು. ಮೈಕು ಹಿಡಿದವರೇ, ‘ಹೈದರಾಬಾದು-ಬೆಂಗಳೂರು ಈಗ ಒಂದೇ ಊರಿನ ಎರಡು ಬಡಾವಣೆ ಇದ್ದಂತೆ’ ಎಂದರು. ಬಡಾವಣೆಯಿಂದ ಬಡಾವಣೆಗೆ ಹೋಗುವ ಕಷ್ಟ ಬಲ್ಲ ಸಭೆ ಮನಸಾರೆ ಚಪ್ಪಾಳೆ ತಟ್ಟಿತು.

ಎಂಟಕ್ಕೆ ಸಭೆ ಮುಗಿಯಿತು. ಒಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿದ್ಧವಾಗಿತ್ತು. ಅತಿಥಿಗಳು ಒಮ್ಮೆ ಆ ಕಡೆ ನೋಡಿದರು, ಒಮ್ಮೆ ಕೈಗಡಿಯಾರ ನೋಡಿದರು. ಹನ್ನೊಂದೂವರೆಗೆ ವಿಮಾನ, ನಡುವೆ ಊರು. ‘ಊಟ ಇನ್ನೊಮ್ಮೆ ಬಂದಾಗ’ ಎಂದು ಕೈಮುಗಿದು ಕಾರು ಹತ್ತಿದರು. ನಾವು ಚಾಪೆಯ ಮೇಲೆ ಕೂತು ಉಂಡೆವು. ಎಲೆಅಡಿಕೆ ಹಾಕಿಕೊಂಡು ಭಾಷಣದ ಗುಣದೋಷ ವಿಚಾರಿಸಿದೆವು. ಹತ್ತೂವರೆಗೆ ನಾಂಪಲ್ಲಿ ಸೇರಿ ನಾನು ಮಲಗಿದೆ. ಅತಿಥಿಗಳು ಆಗಿನ್ನೂ ಹಸಿದ ಹೊಟ್ಟೆಯಲ್ಲಿ ಶಂಷಾಬಾದಿನ ಕುರ್ಚಿಯಲ್ಲಿದ್ದರು. ಬೆಳಿಗ್ಗೆ ಫೋನು ಮಾಡಿದರು. ದನಿಯಲ್ಲಿ ನಿದ್ದೆ ಇತ್ತು, ಆದರೆ ಹೆಮ್ಮೆಯೂ ಇತ್ತು: ‘ವಿಮಾನ ಹತ್ತು ನಿಮಿಷ ಮೊದಲೇ ಇಳಿದುಬಿಡ್ತು, ನೋಡಿ!’